ಅರ್ಧಕ್ಕೆ ನಿಂತ ಕಿರುಚಿತ್ರವನ್ನು ಮುಗಿಸುವುದು ಹೇಗೆ?

ಓದುವ ದಿನಗಳಲ್ಲಿ ಕ್ಯಾಮೆರಾ ಹಿಡಿದ ಯಾರ ಹಾರ್ಡ್ ಡಿಸ್ಕ್ ತೆರೆದರೂ ಕೆಲವು ಫೋಲ್ಡರ್‌ಗಳು ಇದ್ದೇ ಇರುತ್ತವೆ: ‘ಶಾರ್ಟ್ ಫಿಲ್ಮ್ ಹೊಸದು’, ‘ಫೈನಲ್’, ‘ಫೈನಲ್ 2’, ‘ಇದೇ ಫೈನಲ್’. ಒಳಗೆ ಹೋದರೆ ಯಾವುದೂ ಫೈನಲ್ ಅಲ್ಲ. ಮುಕ್ಕಾಲು ಭಾಗ ಶೂಟ್ ಆದ ಕಥೆ ಒಂದು. ಎರಡು ನಿಮಿಷ ಎಡಿಟ್ ಆಗಿ ನಿಂತ ಟೈಮ್‌ಲೈನ್ (ಎಡಿಟಿಂಗ್‌ನಲ್ಲಿ ಶಾಟ್‌ಗಳನ್ನು ಸಾಲಾಗಿ ಜೋಡಿಸುವ ಜಾಗ) ಇನ್ನೊಂದು. ಬರೀ ಸಂದರ್ಶನಗಳಿದ್ದು ತೋರಿಸಲು ಬೇರೆ ದೃಶ್ಯವೇ ಇಲ್ಲದ ಸಾಕ್ಷ್ಯಚಿತ್ರ ಮತ್ತೊಂದು.

ಶೂಟಿಂಗ್ ನಿಲ್ಲಲು ಕಾರಣ ಬೇಕಾದಷ್ಟು. ಪರೀಕ್ಷೆ ಬಂತು, ಹೀರೊ ಕೂದಲು ಕತ್ತರಿಸಿಕೊಂಡ, ಕ್ಯಾಮೆರಾ ಕೊಟ್ಟಿದ್ದ ಗೆಳೆಯ ಬೇರೆ ಊರಿಗೆ ಹೋದ. ಆದರೆ ವರ್ಷಗಟ್ಟಲೆ ಹಾಗೇ ನಿಂತಿರಲು ಕಾರಣ ಬೇರೆ ಎಂದು ನನ್ನ ಅನಿಸಿಕೆ. ತಲೆಯಲ್ಲಿ ಸ್ಕ್ರಿಪ್ಟ್‌ನ ಸಿನಿಮಾ ಕೂತಿರುತ್ತದೆ. ಕೈಯಲ್ಲಿರುವ ಫುಟೇಜ್, ಅಂದರೆ ಶೂಟ್ ಆದ ವಿಡಿಯೊ, ಅದರ ಹತ್ತಿರಕ್ಕೂ ಬರುವುದಿಲ್ಲ. ಫೋಲ್ಡರ್ ತೆರೆದಾಗಲೆಲ್ಲ ಇಲ್ಲದ ಸೀನ್‌ಗಳೇ ಕಣ್ಣಿಗೆ ಹೊಡೆಯುತ್ತವೆ. ಹಾಗಾಗಿ ಇಲ್ಲಿ ಹೇಳುವ ದಾರಿ ಸ್ವಲ್ಪ ಉಲ್ಟಾ. ಬರೆದ ಸಿನಿಮಾವನ್ನು ಬದಿಗಿಡಿ. ಶೂಟ್ ಆಗಿರುವುದರಲ್ಲಿ ಯಾವ ಸಿನಿಮಾ ಇದೆ ಎಂದು ಹುಡುಕಿ, ಅದನ್ನು ಮುಗಿಸಿ. ಇದಕ್ಕೆ ದುಬಾರಿ ಸಾಫ್ಟ್‌ವೇರ್ ಏನೂ ಬೇಡ. ಡಾವಿಂಚಿ ರಿಸಾಲ್ವ್‌ನ ಉಚಿತ ಆವೃತ್ತಿ, ಕೆಡೆನ್‌ಲೈವ್, ಶಾಟ್‌ಕಟ್ ಇವುಗಳಲ್ಲಿ ಯಾವುದಾದರೂ ಸಾಕು.

ಹಂತ 1: ಎಡಿಟಿಂಗ್ ಆಮೇಲೆ, ಮೊದಲು ಕಾಪಿ

ಹಳೆಯ ಡಿಸ್ಕ್ ಸಿಕ್ಕ ಖುಷಿಯಲ್ಲಿ ನೇರವಾಗಿ ಎಡಿಟಿಂಗ್‌ಗೆ ಕೂರಬೇಡಿ. ಮೊದಲು ಎಲ್ಲವನ್ನೂ ಇನ್ನೊಂದು ಡಿಸ್ಕ್‌ಗೆ ಕಾಪಿ ಮಾಡಿ. ವೃತ್ತಿಪರರು ಪಾಲಿಸುವ ಲೆಕ್ಕ 3-2-1: ಮೂರು ಕಾಪಿ, ಎರಡು ಬೇರೆ ಬೇರೆ ರೀತಿಯ ಸಾಧನಗಳಲ್ಲಿ, ಅದರಲ್ಲಿ ಒಂದು ಬೇರೆ ಜಾಗದಲ್ಲಿ. ಮೂರು ಆಗದಿದ್ದರೆ ಎರಡಾದರೂ ಇರಲಿ. ಡಿಸ್ಕ್ ಟಕ್ ಟಕ್ ಎಂದು ಸದ್ದು ಮಾಡುತ್ತಿದ್ದರೆ ಪದೇ ಪದೇ ಆನ್ ಮಾಡಿ ನೋಡಬೇಡಿ. ಆನ್ ಮಾಡಿದಷ್ಟೂ ಒಳಗಿನ ಹಾನಿ ಹೆಚ್ಚಾಗಬಹುದು. ಫುಟೇಜ್ ಅಷ್ಟು ಮುಖ್ಯ ಅನಿಸಿದರೆ ಡೇಟಾ ರಿಕವರಿ ಮಾಡುವವರ ಕೈಗೆ ಕೊಡಿ.

ಕ್ಯಾಮೆರಾದ ಮೆಮೊರಿ ಕಾರ್ಡ್‌ನಿಂದ ಕಾಪಿ ಮಾಡುವಾಗ ವಿಡಿಯೊ ಫೈಲ್‌ಗಳನ್ನು ಮಾತ್ರ ಆರಿಸಿಕೊಳ್ಳಬೇಡಿ. ಇಡೀ ಕಾರ್ಡ್‌ನ ಫೋಲ್ಡರ್‌ಗಳನ್ನು ಹಾಗೆ ಹಾಗೇ ಎತ್ತಿಡಿ. ಕೆಲವು ಕ್ಯಾಮೆರಾಗಳು ಒಂದೇ ಉದ್ದನೆಯ ಟೇಕನ್ನು ತುಂಡು ತುಂಡಾಗಿ ಬರೆಯುತ್ತವೆ. ಹಳೆಯ ಕಾರ್ಡ್‌ಗಳ ಫ್ಯಾಟ್32 ವ್ಯವಸ್ಥೆಯಲ್ಲಿ ಒಂದು ಫೈಲ್ 4 ಜಿಬಿ ಮೀರುವಂತಿಲ್ಲ, ಅದಕ್ಕೇ ಹಾಗೆ. ಮೊದಲ ತುಂಡು ಮಾತ್ರ ಕಾಪಿ ಆಗಿದ್ದರೆ ಟೇಕ್ ಅರ್ಧಕ್ಕೇ ನಿಂತಂತೆ ಕಾಣುತ್ತದೆ, ನೀವೂ ಅಷ್ಟೇ ಇದೆ ಎಂದುಕೊಂಡಿರುತ್ತೀರಿ.

ಕಾರ್ಡ್ ಫಾರ್ಮ್ಯಾಟ್ ಆಗಿಹೋಗಿದ್ದರೆ ಅದರ ಮೇಲೆ ಹೊಸದಾಗಿ ಏನನ್ನೂ ರೆಕಾರ್ಡ್ ಮಾಡಬೇಡಿ. ಫೋಟೋರೆಕ್ ಎಂಬ ಉಚಿತ ಸಾಧನ ಅಂಥ ಕಾರ್ಡ್‌ಗಳಿಂದ ಫೈಲ್‌ಗಳನ್ನು ಹುಡುಕಿ ತೆಗೆಯುತ್ತದೆ. ಹೆಸರು ಫೋಟೊ ಅಂತಿದ್ದರೂ ವಿಡಿಯೊಗೂ ನಡೆಯುತ್ತದೆ. ಎಲ್ಲವೂ ಸಿಗುತ್ತದೆ ಅಂತೇನಿಲ್ಲ.

ಇನ್ನೊಂದು ಸಾಮಾನ್ಯ ಕಾಯಿಲೆ: ಫೈಲ್ ಇದೆ, ಗಾತ್ರವೂ ಇದೆ, ಪ್ಲೇ ಆಗುವುದಿಲ್ಲ. ಬ್ಯಾಟರಿ ಸತ್ತು ರೆಕಾರ್ಡಿಂಗ್ ಮಧ್ಯದಲ್ಲೇ ನಿಂತಾಗ ಹೀಗಾಗುತ್ತದೆ. ಎಂಪಿ4 ಫೈಲ್‌ನ ಒಳಗೆ ಯಾವ ಫ್ರೇಮ್ ಎಲ್ಲಿದೆ ಎಂದು ಹೇಳುವ ಒಂದು ಪಟ್ಟಿ ಇರುತ್ತದೆ. ಬಹಳಷ್ಟು ಕ್ಯಾಮೆರಾಗಳು ಅದನ್ನು ರೆಕಾರ್ಡಿಂಗ್ ಮುಗಿಸುವಾಗ ಬರೆಯುತ್ತವೆ. ಪಟ್ಟಿ ಬರೆಯುವ ಮೊದಲೇ ಕ್ಯಾಮೆರಾ ಆಫ್ ಆದರೆ ಚಿತ್ರವಿದ್ದೂ ಪ್ಲೇಯರ್‌ಗೆ ದಾರಿ ಗೊತ್ತಾಗುವುದಿಲ್ಲ. ಅನ್‌ಟ್ರಂಕ್ ಎಂಬ ಉಚಿತ ಸಾಧನಕ್ಕೆ ಅದೇ ಕ್ಯಾಮೆರಾದಲ್ಲಿ ಅದೇ ಸೆಟ್ಟಿಂಗ್‌ನಲ್ಲಿ ತೆಗೆದ ಒಂದು ಸರಿಯಾದ ಫೈಲ್ ಕೊಟ್ಟರೆ, ಅದನ್ನು ಮಾದರಿಯಾಗಿಟ್ಟುಕೊಂಡು ಕೆಟ್ಟ ಫೈಲ್‌ನ ಪಟ್ಟಿಯನ್ನು ಮತ್ತೆ ಕಟ್ಟಲು ನೋಡುತ್ತದೆ. ಹಾಗಾಗಿ ‘ಕರಪ್ಟ್’ ಎಂದು ಬಿಟ್ಟ ಫೈಲ್‌ಗಳನ್ನು ಅಳಿಸಿ ಹಾಕಬೇಡಿ.

ಆಮೇಲೆ ಗೆಳೆಯರನ್ನು ಕೇಳಿ. ಆ ದಿನ ಬೇರೆ ಫೋನ್‌ನಲ್ಲಿ ತೆಗೆದ ಶಾಟ್, ರೆಕಾರ್ಡರ್‌ನಲ್ಲಿದ್ದ ಧ್ವನಿ, ಸೆಟ್‌ನ ಫೋಟೊಗಳು ಎಲ್ಲವೂ ಬೇಕು. ಮೆಸೇಜ್ ಆ್ಯಪ್‌ನಲ್ಲಿ ಮಾಮೂಲಿ ವಿಡಿಯೊದಂತೆ ಕಳಿಸಿದರೆ ಅದು ಹಿಂಡಿ ಹಿಪ್ಪೆಯಾಗಿ ಬರುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿ, ಇಲ್ಲವೇ ಕ್ಲೌಡ್ ಲಿಂಕ್ ಕೇಳಿ.

ಎಡಿಟ್ ಪ್ರಾಜೆಕ್ಟ್‌ನ ಫೈಲ್ ಬಗ್ಗೆ ಒಂದು ಎಚ್ಚರಿಕೆ. ರಿಸಾಲ್ವ್ ತನ್ನ ಪ್ರಾಜೆಕ್ಟ್‌ಗಳನ್ನು ನಿಮ್ಮ ವಿಡಿಯೊ ಫೋಲ್ಡರ್‌ನಲ್ಲಿ ಇಡುವುದಿಲ್ಲ. ಕಂಪ್ಯೂಟರಿನಲ್ಲಿ ತನ್ನದೇ ಡೇಟಾಬೇಸ್‌ನಲ್ಲಿ ಇಡುತ್ತದೆ. ಫುಟೇಜ್ ಎಲ್ಲ ಹೊರಗಿನ ಡಿಸ್ಕ್‌ನಲ್ಲಿ ಭದ್ರವಾಗಿದೆ ಎಂದು ಕಂಪ್ಯೂಟರ್ ಫಾರ್ಮ್ಯಾಟ್ ಮಾಡಿಸಿದರೆ ಎಡಿಟ್ ಮಾಯ. ಆದ್ದರಿಂದ ಪ್ರಾಜೆಕ್ಟನ್ನು ಎಕ್ಸ್‌ಪೋರ್ಟ್ ಮಾಡಿ ಫುಟೇಜ್ ಜೊತೆಗೇ ಇಡಿ. ಹಳೆಯ ವಿಂಡೋಸ್ ಮೂವಿ ಮೇಕರ್ ಬೆಂಬಲ 2017ರಲ್ಲೇ ನಿಂತಿದೆ. ಫೈನಲ್ ಕಟ್ ಪ್ರೊ 7ರ ಪ್ರಾಜೆಕ್ಟ್‌ಗಳನ್ನು 2011ರಲ್ಲಿ ಬಂದ ಫೈನಲ್ ಕಟ್ ಪ್ರೊ ಎಕ್ಸ್ ನೇರವಾಗಿ ತೆರೆಯುತ್ತಿರಲಿಲ್ಲ. ನಿಮ್ಮ ಹಳೆಯ ಎಡಿಟ್ ತೆರೆಯದಿದ್ದರೆ ಬೇಜಾರು ಬೇಡ. ಎಂದೋ ಒಮ್ಮೆ ತೆಗೆದಿಟ್ಟ ಪ್ರಿವ್ಯೂ ವಿಡಿಯೊ ಇದ್ದರೆ ಅದನ್ನೇ ಟೈಮ್‌ಲೈನ್‌ನ ಮೇಲಿನ ಟ್ರ್ಯಾಕ್‌ನಲ್ಲಿ ಇಟ್ಟು, ಕೆಳಗೆ ಶಾಟ್‌ಗಳನ್ನು ಮತ್ತೆ ಜೋಡಿಸಬಹುದು. ನಿಜ ಹೇಳಬೇಕೆಂದರೆ ಹೊಸದಾಗಿ ಶುರು ಮಾಡಿದರೇ ಒಳ್ಳೆಯದು. ಹಳೆಯ ಎಡಿಟ್‌ನಲ್ಲಿ ಹಳೆಯ ಹಟಗಳೂ ಇರುತ್ತವೆ.

ಹಂತ 2: ಒಂದನ್ನು ಮಾತ್ರ ಆರಿಸಿ

ಅರ್ಧಕ್ಕೆ ನಿಂತ ಎಲ್ಲ ಪ್ರಾಜೆಕ್ಟ್‌ಗಳ ಪಟ್ಟಿ ಮಾಡಿ. ಪ್ರತಿಯೊಂದರ ಮುಂದೆ ಇಷ್ಟು ಬರೆಯಿರಿ: ಎಷ್ಟು ಸೀನ್ ಶೂಟ್ ಆಗಿದೆ, ಮಾತು ಸ್ಪಷ್ಟವಾಗಿ ಕೇಳುತ್ತದೆಯೇ, ನಟಿಸಿದವರು ಈಗ ಸಿಗುತ್ತಾರೆಯೇ, ಕಥೆಯ ಬಗ್ಗೆ ನಿಮಗೆ ಇನ್ನೂ ಆಸೆ ಇದೆಯೇ.

ಸಾಮಾನ್ಯವಾಗಿ ಎಲ್ಲರೂ ಅತಿ ದೊಡ್ಡ ಕನಸಿನ ಪ್ರಾಜೆಕ್ಟನ್ನೇ ಎತ್ತಿಕೊಳ್ಳುತ್ತಾರೆ. ನಾನಾದರೆ ಅತಿ ಚಿಕ್ಕದನ್ನು ಎತ್ತಿಕೊಳ್ಳಿ ಎನ್ನುತ್ತೇನೆ. ಮೂರು ನಿಮಿಷದ್ದನ್ನು ಕೊನೆಯವರೆಗೆ ತಂದರೆ, ಅಂದರೆ ಧ್ವನಿ, ಬಣ್ಣ, ಟೈಟಲ್, ಎಕ್ಸ್‌ಪೋರ್ಟ್ ಎಲ್ಲ ಮುಗಿಸಿದರೆ, ಇಪ್ಪತ್ತು ನಿಮಿಷದ್ದರಲ್ಲಿ ಎಲ್ಲೆಲ್ಲಿ ಕೆಲಸ ಸಿಕ್ಕಿಹಾಕಿಕೊಳ್ಳುತ್ತದೆ ಎಂದು ಮೊದಲೇ ಗೊತ್ತಾಗಿರುತ್ತದೆ. ಅರ್ಧಕ್ಕೆ ಬಿಡುವವರಿಗೆ ಶೂಟಿಂಗ್ ಚೆನ್ನಾಗಿಯೇ ಬರುತ್ತದೆ. ಕೊನೆಯ ಕಾಲು ಭಾಗದ ಕೆಲಸ ಮಾತ್ರ ಅವರಿಗೆ ಎಂದೂ ಅಭ್ಯಾಸವೇ ಆಗಿರುವುದಿಲ್ಲ.

ಗುಂಪಿನ ಪ್ರಾಜೆಕ್ಟ್ ಆಗಿದ್ದರೆ ಈ ಹಂತದಲ್ಲೇ ಎಲ್ಲರಿಗೂ ಒಂದು ಸಂದೇಶ ಕಳಿಸಿ: ‘ಇದನ್ನು ಮುಗಿಸೋಣ ಅಂತಿದ್ದೇನೆ, ಎಡಿಟ್ ನಾನೇ ಮಾಡುತ್ತೇನೆ, ಎಲ್ಲರ ಹೆಸರೂ ಇರುತ್ತದೆ, ಒಪ್ಪಿಗೆಯಾ?’ ಉತ್ತರವನ್ನು ಉಳಿಸಿಕೊಳ್ಳಿ. ಕೆಲವು ಸಂಸ್ಥೆಗಳಲ್ಲಿ ಕೋರ್ಸ್‌ಗಾಗಿ ಮಾಡಿದ ಚಿತ್ರದ ಹಕ್ಕು ಸಂಸ್ಥೆಗೇ ಸೇರುತ್ತದೆ. ಅಂಥ ನಿಯಮ ಇದೆಯೇ ಎಂದೂ ಈಗಲೇ ವಿಚಾರಿಸಿ.

ಹಂತ 3: ಎಲ್ಲವನ್ನೂ ನೋಡಿ, ಏನನ್ನೂ ಕತ್ತರಿಸಬೇಡಿ

ಇದು ಬೋರ್ ಹೊಡೆಸುವ ಹಂತ. ಆದರೆ ಸಿನಿಮಾ ಸಿಗುವುದು ಇಲ್ಲೇ. ಎಡಿಟಿಂಗ್ ಸಾಫ್ಟ್‌ವೇರ್ ಬೇಡ, ವಿಎಲ್‌ಸಿಯಂಥ ಪ್ಲೇಯರ್‌ನಲ್ಲಿ ಎಲ್ಲ ಟೇಕ್‌ಗಳನ್ನೂ ಮೊದಲಿನಿಂದ ಕೊನೆಯವರೆಗೆ ನೋಡಿ. ಕೈಯಲ್ಲಿ ಕಾಗದ, ಪೆನ್ನು ಇರಲಿ. ಸ್ಕ್ರಿಪ್ಟ್ ಮಾತ್ರ ಹತ್ತಿರ ಇಟ್ಟುಕೊಳ್ಳಬೇಡಿ.

ಪ್ರತಿ ಕ್ಲಿಪ್‌ಗೂ ಒಂದು ಸಾಲು ಬರೆಯಿರಿ. ಫೈಲ್ ಸಂಖ್ಯೆ, ಏನು ಕಾಣುತ್ತದೆ, ಧ್ವನಿ ಹೇಗಿದೆ, ಯಾವ ಕ್ಷಣ ಹಿಡಿಸಿತು. ಹಿಡಿಸಿದ ಕಾರಣ ಬರೆಯಬೇಕಿಲ್ಲ. ಚುಕ್ಕಿ ಹಾಕಿದರೂ ಸಾಕು. ಕಾರಣ ಹುಡುಕಲು ಹೋದರೆ ‘ಇದು ಕಥೆಗೆ ಬೇಕಾ?’ ಎಂಬ ಪ್ರಶ್ನೆ ನಡುವೆ ತಲೆ ಹಾಕುತ್ತದೆ. ಅದಕ್ಕೆ ಮುಂದೆ ಸಮಯವಿದೆ.

‘ಆ್ಯಕ್ಷನ್’ಗೆ ಮೊದಲಿನ ಮತ್ತು ‘ಕಟ್’ ಆದ ನಂತರದ ಸೆಕೆಂಡುಗಳನ್ನು ತಪ್ಪದೇ ನೋಡಿ. ಹೊಸ ನಟರ ಮುಖ ಅತಿ ಸಹಜವಾಗಿರುವುದು ಆಗಲೇ. ಡೈಲಾಗ್ ನೆನಪಿಸಿಕೊಳ್ಳುತ್ತಾ ಕಿಟಕಿ ಕಡೆ ನೋಡುವ ನೋಟ, ಟೇಕ್ ಮುಗಿದ ಮೇಲೆ ಭುಜ ಇಳಿಸಿ ಬಿಡುವ ಉಸಿರು. ಇಂಥ ಮೂರು ಸೆಕೆಂಡು ಸಿಕ್ಕರೆ ಒಂದು ರಿಯಾಕ್ಷನ್ ಶಾಟ್ (ಮಾತು ಕೇಳಿಸಿಕೊಳ್ಳುವವರ ಮುಖ ತೋರಿಸುವ ಶಾಟ್) ಸಿಕ್ಕಂತೆ. ರಿಯಾಕ್ಷನ್ ಶಾಟ್ ಒಂದು ಕೈಯಲ್ಲಿದ್ದರೆ ಮಾತು ತಪ್ಪಿದ ಟೇಕನ್ನೂ ಮಧ್ಯದಲ್ಲಿ ಕತ್ತರಿಸಿ ಉಳಿಸಬಹುದು. ಲೈಟ್ ಸರಿ ಮಾಡುವಾಗ ಸುಮ್ನೆ ಓಡಿದ ಕ್ಯಾಮೆರಾ, ಖಾಲಿ ಕೋಣೆ, ಫೋಕಸ್ ಹುಡುಕುವಾಗ ಸಿಕ್ಕ ಗೋಡೆ, ಇವೂ ಲೆಕ್ಕಕ್ಕೆ ಬರಲಿ. ಮುಂದೆ ತೂತು ಮುಚ್ಚಲು ಬೇಕಾಗುವುದು ಇವೇ.

ಮೊದಲ ಸಲ ನೋಡಿ ಒಂದೆರಡು ದಿನ ಬಿಡಿ. ನಂತರ ಟಿಪ್ಪಣಿ ನೋಡದೆ, ನೆನಪಿನಲ್ಲಿ ಉಳಿದ ಶಾಟ್‌ಗಳನ್ನು ಮಾತ್ರ ಒಂದು ಹಾಳೆಯಲ್ಲಿ ಬರೆಯಿರಿ. ನಿಮ್ಮ ಚಿತ್ರದ ಬೆನ್ನೆಲುಬು ಬಹುತೇಕ ಆ ಹಾಳೆಯಲ್ಲಿರುತ್ತದೆ. ಅದು ನೀವು ಬರೆದ ಕಥೆಗಿಂತ ಬೇರೆಯೇ ಆಗಿದ್ದರೆ ಗಾಬರಿ ಬೇಡ. ಕಳ್ಳತನದ ಕಥೆ ಎಂದು ಶುರುವಾದದ್ದು ಇಬ್ಬರು ಗೆಳೆಯರು ಕಾಯುತ್ತಾ ಕೂತ ಕಥೆಯಾಗಿ ಕಾಣಬಹುದು. ಕಾಯುವ ದೃಶ್ಯ ಚೆನ್ನಾಗಿ ಬಂದಿದೆ, ಕಳ್ಳತನ ಶೂಟೇ ಆಗಿಲ್ಲ ಎಂದಾದರೆ ಯಾವುದನ್ನು ಆರಿಸುತ್ತೀರಿ?

ಹಂತ 4: ಕಾಗದದ ಮೇಲೆ ಎಡಿಟ್

ಚಿಕ್ಕ ಚೀಟಿಗಳ ಮೇಲೆ ಒಂದೊಂದು ಸೀನ್ ಬರೆಯಿರಿ. ಶೂಟ್ ಆದವು ಒಂದು ಬಣ್ಣ, ಆಗದವು ಇನ್ನೊಂದು ಬಣ್ಣ. ನೆಲದ ಮೇಲೆ ಹರಡಿ. ಈಗ ಆಗದ ಸೀನ್‌ಗಳ ಚೀಟಿಗಳನ್ನೆಲ್ಲ ತೆಗೆದುಬಿಡಿ. ಉಳಿದವನ್ನು ಬೇರೆ ಬೇರೆ ಕ್ರಮದಲ್ಲಿ ಜೋಡಿಸಿ ನೋಡಿ. ಕೊನೆಯ ಸೀನ್ ಮೊದಲು ಬಂದರೆ? ಮಧ್ಯದ್ದರಿಂದ ಶುರುವಾದರೆ?

ಒಂದು ಕ್ರಮ ಸುಮಾರಾಗಿ ನಿಂತಿತು ಎಂದ ಮೇಲೆ, ತೆಗೆದ ಚೀಟಿಗಳನ್ನು ಒಂದೊಂದಾಗಿ ಕೈಗೆತ್ತಿಕೊಂಡು ಕೇಳಿ: ಇದು ಇಲ್ಲದಿದ್ದರೆ ನೋಡುವವರಿಗೆ ಏನು ಗೊತ್ತಾಗುವುದಿಲ್ಲ? ‘ಅವಳು ಅವನ ಅಕ್ಕ ಎಂದು ಗೊತ್ತಾಗುವುದಿಲ್ಲ’ ಎಂಬ ಉತ್ತರ ಬಂದರೆ ಅದು ಬರೀ ಮಾಹಿತಿ. ಒಂದು ಮಾತಿನಲ್ಲಿ, ಫೋನ್ ಪರದೆಯ ಮೇಲಿನ ಹೆಸರಿನಲ್ಲಿ ಮುಗಿಯುತ್ತದೆ. ‘ಅವನು ಯಾಕೆ ಮನೆ ಬಿಟ್ಟ ಎಂದು ಅನಿಸುವುದೇ ಇಲ್ಲ’ ಎಂದು ಬಂದರೆ ಅದು ನಿಜವಾದ ತೂತು, ಏನಾದರೂ ಮಾಡಲೇಬೇಕು. ‘ಗೊತ್ತಾಗುವುದೆಲ್ಲ ಗೊತ್ತಾಗುತ್ತದೆ, ಆದರೆ ಆ ಡ್ರೋನ್ ಶಾಟ್ ಇದ್ದಿದ್ದರೆ ಚೆನ್ನಾಗಿರುತ್ತಿತ್ತು’ ಎಂದಾದರೆ ಆ ಚೀಟಿಯನ್ನು ಹರಿದು ಹಾಕಿ. ನಿಜವಾದ ತೂತುಗಳು ನೀವು ಅಂದುಕೊಂಡದ್ದಕ್ಕಿಂತ ಕಡಿಮೆ ಇರುತ್ತವೆ.

ಹಂತ 5: ತೂತು ಮುಚ್ಚುವ ದಾರಿಗಳು

ಶೂಟಿಂಗ್ ಇಲ್ಲದೆ ಆಗುವುದನ್ನು ಮೊದಲು ನೋಡಿ. ಧ್ವನಿ ಎಲ್ಲಕ್ಕಿಂತ ಅಗ್ಗದ ಉಪಾಯ. ಖಾಲಿ ಕೋಣೆಯ ಶಾಟ್ ಮೇಲೆ ಪಕ್ಕದ ಕೋಣೆಯಿಂದ ಬರುವ ಜಗಳದ ಮಾತು ಕೇಳಿಸಿದರೆ ಜಗಳದ ಸೀನ್ ಆಯಿತು. ಬಾಗಿಲು ಬಡಿದ ಸದ್ದು, ಗಾಡಿ ಸ್ಟಾರ್ಟ್ ಆದ ಸದ್ದು ಕೇಳಿಸಿದರೆ ಒಬ್ಬ ಹೊರಟುಹೋದ. ನಟ ಬೇರೆ ದೇಶದಲ್ಲಿದ್ದರೂ ಫೋನ್‌ನಲ್ಲಿ ನಾಲ್ಕು ಸಾಲು ರೆಕಾರ್ಡ್ ಮಾಡಿ ಕಳಿಸಬಹುದು. ಬಟ್ಟೆ ತುಂಬಿದ ಬೀರುವಿನ ಮುಂದೆ ನಿಂತು, ಫೋನ್ ಬಾಯಿಂದ ಒಂದು ಗೇಣು ದೂರ ಇಟ್ಟು ಮಾತಾಡಲು ಹೇಳಿ. ಗೋಡೆಗಳ ಪ್ರತಿಧ್ವನಿ ತುಂಬಾ ಕಡಿಮೆಯಾಗುತ್ತದೆ.

ಹಿನ್ನೆಲೆಯಲ್ಲಿ ಕಥೆ ಹೇಳುವ ದನಿ ಸೇರಿಸುವುದು ಎಲ್ಲರಿಗೂ ಮೊದಲು ಹೊಳೆಯುವ ಪರಿಹಾರ. ಅದರ ಬಗ್ಗೆ ನನಗೆ ಅನುಮಾನ ಜಾಸ್ತಿ. ಪರದೆಯ ಮೇಲೆ ಕಾಣುವುದನ್ನೇ ದನಿ ಮತ್ತೆ ಹೇಳಿದರೆ ಎರಡೂ ಸಪ್ಪೆ. ಕಾಣದ್ದನ್ನು, ಅಥವಾ ಕಾಣುವುದಕ್ಕೆ ವಿರುದ್ಧವಾದದ್ದನ್ನು ಹೇಳಿದರೆ ಮಾತ್ರ ಅದು ಕೆಲಸ ಮಾಡುತ್ತದೆ.

ಕಪ್ಪು ಪರದೆಯ ಮೇಲೆ ಎರಡು ಸಾಲು ಬರಹ, ಸೆಟ್‌ನಲ್ಲಿ ತೆಗೆದ ಸ್ಥಿರಚಿತ್ರಗಳು, ಸ್ಟೋರಿಬೋರ್ಡ್‌ನ ಗೀಚು ಚಿತ್ರಗಳು, ಇವೂ ಆಗುತ್ತವೆ. ಆದರೆ ಇವನ್ನು ಒಂದೇ ಸಲ ಬಳಸಿದರೆ ಬೇರೆ ದಾರಿ ಕಾಣದೆ ಹಾಕಿದ್ದು ಎಂದು ಗೊತ್ತಾಗುತ್ತದೆ. ಚಿತ್ರದ ಆರಂಭದಲ್ಲೇ ಒಮ್ಮೆ ತಂದು, ಮಧ್ಯದಲ್ಲೂ ತಂದರೆ ಅದೇ ಚಿತ್ರದ ಶೈಲಿಯಾಗುತ್ತದೆ.

ಅಷ್ಟಾದ ಮೇಲೂ ಉಳಿದ ತೂತಿಗೆ ಪ್ಯಾಚ್ ವರ್ಕ್, ಅಂದರೆ ಬಿಟ್ಟುಹೋದ ಶಾಟ್‌ಗಳನ್ನು ಮಾತ್ರ ತೆಗೆಯುವ ಚಿಕ್ಕ ಶೂಟಿಂಗ್. ಒಂದೇ ದಿನಕ್ಕೆ ಮುಗಿಯುವಷ್ಟು ಪಟ್ಟಿ ಮಾಡಿ. ನಟ ಸಿಗದಿದ್ದರೆ, ಅಥವಾ ಗುರುತೇ ಸಿಗದಷ್ಟು ಬದಲಾಗಿದ್ದರೆ, ಅದೇ ಮೈಕಟ್ಟಿನ ಇನ್ನೊಬ್ಬರಿಗೆ ಅದೇ ಬಣ್ಣದ ಶರ್ಟ್ ಹಾಕಿ ಬೆನ್ನಿನ ಕಡೆಯಿಂದ, ಕೈಗಳ ಕ್ಲೋಸಪ್‌ನಲ್ಲಿ, ನೆರಳಿನಲ್ಲಿ ತೆಗೆಯಿರಿ. ಹುಡುಗ ನಟನ ದನಿ ಈ ನಡುವೆ ಒಡೆದಿದ್ದರೆ ಹೊಸ ಸಾಲುಗಳನ್ನು ಮಾತ್ರ ಅವನಿಂದ ಹೇಳಿಸಬೇಡಿ. ಆ ಪಾತ್ರ ಪೂರ್ತಿ ಒಬ್ಬರೇ ಡಬ್ ಮಾಡಲಿ.

ಹೊಸ ಶಾಟ್ ಹಳೆಯದರ ಪಕ್ಕ ಕೂರಬೇಕಲ್ವಾ? ಹಾಗಾಗಿ ಹಳೆಯ ಶಾಟ್‌ನ ಒಂದು ಫ್ರೇಮನ್ನು ಫೋನ್‌ನಲ್ಲಿಟ್ಟುಕೊಂಡು ಹೋಗಿ. ಬೆಳಕು ಯಾವ ಕಡೆಯಿಂದ ಬೀಳುತ್ತಿತ್ತು, ನೆರಳು ಎಷ್ಟು ಉದ್ದ, ಕ್ಯಾಮೆರಾ ಯಾವ ಎತ್ತರದಲ್ಲಿತ್ತು ಎಂದು ಹೋಲಿಸಿ. ಮೀಡಿಯಾಇನ್ಫೊ ಎಂಬ ಉಚಿತ ಸಾಧನದಲ್ಲಿ ಹಳೆಯ ಫೈಲ್ ತೆರೆದರೆ ಫ್ರೇಮ್ ರೇಟ್ (ಸೆಕೆಂಡಿಗೆ ಎಷ್ಟು ಫ್ರೇಮ್), ರೆಸಲ್ಯೂಶನ್ (ಚಿತ್ರದ ಪಿಕ್ಸೆಲ್ ಅಳತೆ) ಗೊತ್ತಾಗುತ್ತದೆ. ಅದನ್ನೇ ಹೊಸ ಕ್ಯಾಮೆರಾದಲ್ಲೂ ಹಾಕಿ. ವೈಟ್ ಬ್ಯಾಲೆನ್ಸ್ (ಬೆಳಕಿಗೆ ತಕ್ಕಂತೆ ಬಣ್ಣ ಹೊಂದಿಸುವ ಸೆಟ್ಟಿಂಗ್) ಆಟೊದಲ್ಲಿ ಬೇಡ. ದೀಪದ ಬೆಳಕಿನಲ್ಲಿ ತೆಗೆಯುವುದಾದರೆ ವಿದ್ಯುತ್ 50 ಹರ್ಟ್ಸ್ ಇರುವ ದೇಶಗಳಲ್ಲಿ ಶಟರ್ ವೇಗ (ಒಂದು ಫ್ರೇಮ್‌ಗೆ ಬೆಳಕು ಬೀಳುವ ಸಮಯ) 1/50 ಅಥವಾ 1/100 ಸೆಕೆಂಡ್, 60 ಹರ್ಟ್ಸ್ ಇರುವಲ್ಲಿ 1/60 ಅಥವಾ 1/120 ಇಡಿ. ಇಲ್ಲದಿದ್ದರೆ ಕೆಲವು ದೀಪಗಳ ಕೆಳಗೆ ಚಿತ್ರ ಮಿನುಗುತ್ತದೆ, ಪಟ್ಟಿ ಪಟ್ಟಿ ಓಡುತ್ತದೆ. ಆಮೇಲೆ ಅದನ್ನು ತೆಗೆಯುವುದು ಬಹಳ ಕಷ್ಟ.

ಹಂತ 6: ಟೈಮ್‌ಲೈನ್‌ಗೆ ಹಾಕುವ ಮೊದಲು

ಫೋನ್ ವಿಡಿಯೊಗಳಲ್ಲಿ ಒಂದು ಗುಪ್ತ ತೊಂದರೆ ಇದೆ. ಫೋನ್‌ಗಳು ಫ್ರೇಮ್ ರೇಟನ್ನು ಸ್ಥಿರವಾಗಿ ಇಡುವುದಿಲ್ಲ. 30 ಎಂದು ತೋರಿಸಿದರೂ ಒಳಗೆ ಹೆಚ್ಚು ಕಡಿಮೆ ಆಗುತ್ತಿರುತ್ತದೆ. ಶುರುವಿನಲ್ಲಿ ಸರಿಯಾಗಿದ್ದ ತುಟಿ ಮತ್ತು ಮಾತು ಟೇಕ್‌ನ ಕೊನೆಯ ಹೊತ್ತಿಗೆ ಬೇರೆಯಾಗಲು ಬಹಳ ಸಲ ಇದೇ ಕಾರಣ. ಹ್ಯಾಂಡ್‌ಬ್ರೇಕ್ ಎಂಬ ಉಚಿತ ಸಾಧನದಲ್ಲಿ ‘ಕಾನ್‌ಸ್ಟಂಟ್ ಫ್ರೇಮ್‌ರೇಟ್’ ಆರಿಸಿ, ಒಳ್ಳೆಯ ಗುಣಮಟ್ಟದಲ್ಲಿ ಹೊಸ ಫೈಲ್ ಮಾಡಿಕೊಂಡು ಅದನ್ನು ಎಡಿಟ್‌ಗೆ ಬಳಸಿ. ಮೂಲ ಫೈಲ್ ಹಾಗೇ ಇರಲಿ.

ಬೇರೆ ಬೇರೆ ಕ್ಯಾಮೆರಾಗಳ 24, 25, 30 ಎಲ್ಲ ಕಲೆತಿದ್ದರೆ ಯಾವುದು ಜಾಸ್ತಿ ಇದೆಯೋ ಅದೇ ಟೈಮ್‌ಲೈನ್‌ನ ಫ್ರೇಮ್ ರೇಟ್ ಆಗಲಿ. ರಿಸಾಲ್ವ್‌ನಲ್ಲಿ ಒಮ್ಮೆ ಟೈಮ್‌ಲೈನ್‌ಗೆ ಶಾಟ್ ಹಾಕಿದ ಮೇಲೆ ಅದನ್ನು ಬದಲಿಸುವುದು ತೊಂದರೆ, ಮೊದಲೇ ನೋಡಿ ಹಾಕಿ. 50ರಲ್ಲಿ ತೆಗೆದ ಶಾಟನ್ನು 25ರ ಟೈಮ್‌ಲೈನ್‌ನಲ್ಲಿ ಅರ್ಧ ವೇಗಕ್ಕೆ ಇಳಿಸಿದರೆ ಸ್ಲೋ ಮೋಷನ್ ಆಗಿ ನುಣ್ಣಗೆ ಓಡುತ್ತದೆ. 30ರದ್ದನ್ನು 25ಕ್ಕೆ ಹಾಕಿದಾಗ ಕ್ಯಾಮೆರಾ ತಿರುಗುವ ಶಾಟ್‌ಗಳು ತುಸು ಜರ್ಕ್ ಹೊಡೆಯಬಹುದು. 30ರ ಫುಟೇಜ್‌ನಿಂದ ಆದಷ್ಟು ಸ್ಥಿರ ಶಾಟ್‌ಗಳನ್ನೇ ಬಳಸಿ.

ಕಂಪ್ಯೂಟರ್ ನಿಧಾನವಾದರೆ ಪ್ರಾಕ್ಸಿ ಮಾಡಿಕೊಳ್ಳಿ. ಎಡಿಟಿಂಗ್‌ಗೆ ಹಗುರ ಕಾಪಿ, ಎಕ್ಸ್‌ಪೋರ್ಟ್‌ಗೆ ಮೂಲ ಫೈಲ್. ಮೇಲೆ ಹೇಳಿದ ಮೂರೂ ಸಾಫ್ಟ್‌ವೇರ್‌ಗಳಲ್ಲಿ ಇದು ಉಂಟು.

ಹಂತ 7: ಕೆಟ್ಟ ರಫ್ ಕಟ್, ಬೇಗ

ಇಡೀ ಚಿತ್ರವನ್ನು ಮೊದಲಿನಿಂದ ಕೊನೆಯವರೆಗೆ ಒರಟಾಗಿ ಜೋಡಿಸಿ. ಇಲ್ಲದ ಶಾಟ್‌ನ ಜಾಗದಲ್ಲಿ ‘ಇಲ್ಲಿ ಕೈ ಕ್ಲೋಸಪ್’ ಎಂದು ಬರೆದ ಕಾರ್ಡ್ ಇರಲಿ. ಮೊದಲ ಸೀನನ್ನು ಉಜ್ಜುತ್ತಾ ಕೂರಬೇಡಿ. ಅರ್ಧಕ್ಕೆ ನಿಂತ ಟೈಮ್‌ಲೈನ್‌ಗಳಲ್ಲಿ ಮೊದಲ ಒಂದು ನಿಮಿಷ ಬಣ್ಣ, ಸಂಗೀತ, ಟೈಟಲ್ ಎಲ್ಲ ಹಾಕಿ ಮಿರ ಮಿರ ಮಿಂಚುತ್ತಿರುತ್ತದೆ, ಆಮೇಲೆ ಬರೀ ಕತ್ತಲು!

ರಫ್ ಕಟ್ ಸಿದ್ಧವಾದರೆ ಕಥೆ ಗೊತ್ತಿಲ್ಲದ ಇಬ್ಬರು ಮೂವರಿಗೆ ತೋರಿಸಿ. ‘ಹೇಗಿದೆ?’ ಎಂದು ಕೇಳಿದರೆ ‘ಚೆನ್ನಾಗಿದೆ’ ಎನ್ನುತ್ತಾರೆ, ಏನೂ ಉಪಯೋಗವಿಲ್ಲ. ‘ಏನು ನಡೆಯಿತು ಹೇಳಿ’ ಎಂದು ಕೇಳಿ. ಅವರು ಹೇಳುವ ಕಥೆಯಲ್ಲಿ ಎಲ್ಲಿ ತಡವರಿಸುತ್ತಾರೋ ಅಲ್ಲಿ ಕೆಲಸ ಬಾಕಿ ಇದೆ. ನೋಡುವಾಗ ಫೋನ್ ಕಡೆ ಕೈ ಹೋದ ಜಾಗವನ್ನೂ ಗುರುತು ಮಾಡಿಕೊಳ್ಳಿ. ಅವರು ಸೂಚಿಸುವ ಪರಿಹಾರಗಳನ್ನು ಮಾತ್ರ ಅಷ್ಟು ಗಂಭೀರವಾಗಿ ತೆಗೆದುಕೊಳ್ಳಬೇಡಿ. ತೊಂದರೆ ಎಲ್ಲಿದೆ ಎಂದು ನೋಡುಗರು ಸರಿಯಾಗಿ ಹೇಳುತ್ತಾರೆ, ಅದಕ್ಕೆ ಮದ್ದು ಏನೆಂದು ಹೇಳುವಾಗ ಎಡವುತ್ತಾರೆ.

ಆಮೇಲೆ ಕತ್ತರಿಸಿ. ಮಾತು ಶುರುವಾಗುವ ಮೊದಲಿನ ನಡಿಗೆ, ಬಾಗಿಲು ತೆರೆಯುವುದು, ಕೂರುವುದು, ಎಲ್ಲ ಹೋಗಲಿ. ಆಸ್ಕರ್ ನಿಯಮದಲ್ಲಿ ಕಿರುಚಿತ್ರ ಎಂದರೆ ಕೊನೆಯ ಹೆಸರುಗಳೂ ಸೇರಿ 40 ನಿಮಿಷದೊಳಗಿನದು. ನಿಮ್ಮದು ಅಷ್ಟು ಉದ್ದ ಇರಬೇಕಿಲ್ಲ. ಹತ್ತು ನಿಮಿಷಕ್ಕೆ ನಿಲ್ಲುವ ಫುಟೇಜನ್ನು ಹದಿನೆಂಟಕ್ಕೆ ಎಳೆದರೆ ನೋಡುವವರಿಗೆ ತಕ್ಷಣ ಗೊತ್ತಾಗುತ್ತದೆ.

ಒಂದು ದಿನಾಂಕ ಗೊತ್ತು ಮಾಡಿ ಎಡಿಟ್ ಲಾಕ್ ಮಾಡಿ. ಅದನ್ನು ಗೆಳೆಯರಿಗೂ ಹೇಳಿಬಿಡಿ. ಲಾಕ್ ಆದ ಮೇಲೆ ಶಾಟ್‌ನ ಉದ್ದ ಬದಲಾಗಬಾರದು, ಏಕೆಂದರೆ ಮುಂದಿನ ಧ್ವನಿಯ ಕೆಲಸವೆಲ್ಲ ಅದರ ಮೇಲೆ ಕೂತಿರುತ್ತದೆ.

ಹಂತ 8: ಧ್ವನಿ

ವಿದ್ಯಾರ್ಥಿ ಚಿತ್ರಗಳು ಸೋಲುವುದು ಇಲ್ಲಿ. ಮಂಕಾದ ಚಿತ್ರವನ್ನು ಜನ ಸಹಿಸುತ್ತಾರೆ, ಕೇಳಿಸದ ಮಾತನ್ನು ಸಹಿಸುವುದಿಲ್ಲ.

ಮೊದಲು ಮಾತುಗಳನ್ನೆಲ್ಲ ಒಂದು ಟ್ರ್ಯಾಕ್‌ಗೆ ತಂದು, ಬೇರೆ ಎಲ್ಲವನ್ನೂ ಮ್ಯೂಟ್ ಮಾಡಿ ಹೆಡ್‌ಫೋನ್‌ನಲ್ಲಿ ಕೇಳಿ. ಪ್ರತಿ ಕಟ್‌ನಲ್ಲೂ ಹಿನ್ನೆಲೆಯ ಗುಂಯ್ ಸದ್ದು ಹಾರುತ್ತಿರುತ್ತದೆ. ಇದಕ್ಕೆ ಮದ್ದು ರೂಮ್ ಟೋನ್, ಅಂದರೆ ಆ ಜಾಗದ ಖಾಲಿ ಸದ್ದು. ಶೂಟಿಂಗ್ ದಿನ ಯಾರೂ ಮಾತಾಡದೆ ಅರ್ಧ ನಿಮಿಷ ರೆಕಾರ್ಡ್ ಮಾಡಿಟ್ಟಿದ್ದರೆ ಅದೃಷ್ಟ. ಇಲ್ಲದಿದ್ದರೆ ಟೇಕ್‌ಗಳಲ್ಲಿ ಎಲ್ಲರೂ ಸುಮ್ಮನಿರುವ ಒಂದೆರಡು ಸೆಕೆಂಡ್‌ಗಳನ್ನು ಹುಡುಕಿ ಜೋಡಿಸಿ, ಸೀನ್‌ನ ಉದ್ದಕ್ಕೂ ಕೆಳಗೆ ಹಾಸಿ. ಒಂದೇ ತುಣುಕನ್ನು ಪದೇ ಪದೇ ಹಾಕಿದರೆ ಕಿವಿಗೆ ಸಿಕ್ಕಿಬೀಳುತ್ತದೆ, ಮೂರು ನಾಲ್ಕು ಬೇರೆ ತುಣುಕು ಬೇಕು. ಕಟ್‌ಗಳ ಮೇಲೆ ಕೆಲವೇ ಫ್ರೇಮ್‌ಗಳ ಕ್ರಾಸ್‌ಫೇಡ್ (ಒಂದು ಸದ್ದು ಇಳಿಯುತ್ತಾ ಇನ್ನೊಂದು ಏರುವುದು) ಇಡಿ.

ಹಿನ್ನೆಲೆಯ ಸದ್ದು ತಗ್ಗಿಸುವ ನಾಯ್ಸ್ ರಿಡಕ್ಷನ್ ಆಡಾಸಿಟಿ ಎಂಬ ಉಚಿತ ಧ್ವನಿ ಸಾಧನದಲ್ಲೂ ಇದೆ, ಎಡಿಟಿಂಗ್ ಸಾಫ್ಟ್‌ವೇರ್‌ಗಳಲ್ಲೂ ಇದೆ. ಕಡಿಮೆ ಬಳಸಿ. ಪೂರ್ತಿ ಸದ್ದು ಹೋಗುವವರೆಗೆ ಎಳೆದರೆ ಮನುಷ್ಯರು ನೀರಿನೊಳಗಿಂದ ಮಾತಾಡಿದಂತೆ ಕೇಳುತ್ತದೆ. ಮಾತಿನ ಟ್ರ್ಯಾಕ್‌ನಲ್ಲಿ ಸುಮಾರು 80 ಹರ್ಟ್ಸ್‌ಗಿಂತ ಕೆಳಗಿನದನ್ನು ಕತ್ತರಿಸಿದರೆ ಗಾಳಿ, ಗಾಡಿಯ ಗುಡುಗುಡು ಎಷ್ಟೋ ಇಳಿಯುತ್ತದೆ. ರೆಕಾರ್ಡಿಂಗ್‌ನಲ್ಲೇ ಸಿಡಿದ ದನಿ ಮಾತ್ರ ಪೂರ್ತಿ ಸರಿಯಾಗುವುದಿಲ್ಲ. ಬೇರೆ ಟೇಕ್‌ನಿಂದ ಅದೇ ಸಾಲು ಎರವಲು ತರಲು ನೋಡಿ. ತುಟಿ ಕಾಣದ ಶಾಟ್ ಆದರೆ ಯಾರಿಗೂ ತಿಳಿಯುವುದಿಲ್ಲ. ಅದೂ ಆಗದಿದ್ದರೆ ಡಬ್ಬಿಂಗ್.

ಹೆಜ್ಜೆ ಸದ್ದು, ಬಟ್ಟೆಯ ಸರಸರ, ಲೋಟ ಇಟ್ಟ ಟಣ್, ಇವನ್ನು ಮನೆಯಲ್ಲೇ ಫೋನ್‌ನಲ್ಲಿ ರೆಕಾರ್ಡ್ ಮಾಡಿ ಸೇರಿಸಿ. ಡಬ್ ಮಾಡಿದ ಸೀನ್‌ಗೆ ಇವು ಕಡ್ಡಾಯ. ಇಲ್ಲದಿದ್ದರೆ ಮಾತು ಗಾಳಿಯಲ್ಲಿ ತೇಲುತ್ತಿರುತ್ತದೆ.

ಸಂಗೀತಕ್ಕೆ ಬಂದರೆ, ಇಷ್ಟದ ಸಿನಿಮಾ ಹಾಡನ್ನು ಎತ್ತಿ ಹಾಕುವ ಆಸೆ ಬಿಡಿ. 2007ರಿಂದ ಯೂಟ್ಯೂಬ್‌ನಲ್ಲಿ ಕಂಟೆಂಟ್ ಐಡಿ ವ್ಯವಸ್ಥೆ ಇದೆ, ಹಾಡನ್ನು ತಾನೇ ಗುರುತಿಸುತ್ತದೆ. ಚಿತ್ರೋತ್ಸವಗಳು ಹಕ್ಕುಗಳ ಬಗ್ಗೆ ಕೇಳುತ್ತವೆ. ಕ್ರಿಯೇಟಿವ್ ಕಾಮನ್ಸ್ ಪರವಾನಗಿಯ ಸಂಗೀತ (ಮಾಡಿದವರೇ ಷರತ್ತಿನ ಮೇಲೆ ಎಲ್ಲರಿಗೂ ಬಳಸಲು ಬಿಟ್ಟದ್ದು) ಬಳಸುವಾಗಲೂ ಅದರ ಷರತ್ತು ಓದಿ. ‘ಬಿವೈ’ ಎಂದಿದ್ದರೆ ಹೆಸರು ಹಾಕಿದರೆ ಸಾಕು. ‘ಎನ್‌ಸಿ’ ಇದ್ದರೆ ಚಿತ್ರದಿಂದ ದುಡ್ಡು ಮಾಡುವಂತಿಲ್ಲ. ‘ಎನ್‌ಡಿ’ ಎಂದಿರುವುದನ್ನು ಮುಟ್ಟಲೇಬೇಡಿ: ಆ ಪರವಾನಗಿಗಳ ಪ್ರಕಾರ ಸಂಗೀತವನ್ನು ಚಲಿಸುವ ಚಿತ್ರಕ್ಕೆ ಹೊಂದಿಸುವುದೇ ಒಂದು ಬದಲಾವಣೆ, ಅದಕ್ಕೆ ಅಲ್ಲಿ ಅನುಮತಿ ಇಲ್ಲ. ‘ಎಸ್‌ಎ’ ಎಂದಿದ್ದರೆ ನಿಮ್ಮ ಚಿತ್ರವನ್ನೂ ಅದೇ ಷರತ್ತಿನಲ್ಲಿ ಹಂಚಬೇಕಾಗುತ್ತದೆ. ಸಂಗೀತ ಬಲ್ಲ ಗೆಳೆಯರಿದ್ದರೆ ಇಷ್ಟೆಲ್ಲ ತಲೆನೋವೇ ಇಲ್ಲ. ಅವರಿಂದ ಒಂದು ಸಾಲಿನ ಲಿಖಿತ ಒಪ್ಪಿಗೆ ಮಾತ್ರ ತೆಗೆದುಕೊಳ್ಳಿ.

ನಟಿಸಿದವರ ಒಪ್ಪಿಗೆಯೂ ಹೀಗೇ ಬರಹದಲ್ಲಿರಲಿ. ಅಂದು ತಮಾಷೆಗೆ ನಟಿಸಿದವರು ಇಂದು ಬೇರೆ ಕೆಲಸದಲ್ಲಿರಬಹುದು, ಬೇಡ ಎನ್ನಬಹುದು. ಹದಿನೆಂಟು ತುಂಬದವರಿದ್ದರೆ ಪೋಷಕರನ್ನು ಕೇಳಿ.

ಹಂತ 9: ಬಣ್ಣ, ಎಕ್ಸ್‌ಪೋರ್ಟ್, ಸಬ್‌ಟೈಟಲ್

ಬಣ್ಣಕ್ಕೆ ತುಂಬಾ ಸಮಯ ಕೊಡಬೇಡಿ. ಒಂದೇ ಸೀನ್‌ನ ಶಾಟ್‌ಗಳ ಬೆಳಕು ಮತ್ತು ಚರ್ಮದ ಬಣ್ಣ ಒಂದಕ್ಕೊಂದು ಹೊಂದಿದರೆ ಮುಗಿಯಿತು. ಹೊಂದಿಸಲು ಏನು ಮಾಡಿದರೂ ಆಗದಿದ್ದರೆ ಕಪ್ಪು ಬಿಳುಪು ಮಾಡುವುದು ಹಳೆಯ ಉಪಾಯ. ಆದರೆ ಚಿತ್ರಕ್ಕೆ ಒಪ್ಪುತ್ತದೆಯೇ ನೋಡಿಕೊಳ್ಳಿ.

ಎಕ್ಸ್‌ಪೋರ್ಟ್ ಎರಡು ಸಲ. ಒಂದು ಮಾಸ್ಟರ್, ಅಂದರೆ ಇಟ್ಟುಕೊಳ್ಳುವ ಉತ್ತಮ ಗುಣಮಟ್ಟದ ಕಾಪಿ, ಪ್ರೋರೆಸ್ ಅಥವಾ ಡಿಎನ್‌ಎಕ್ಸ್‌ಎಚ್‌ಆರ್ ಎಂಬ ಫಾರ್ಮ್ಯಾಟ್‌ನಲ್ಲಿ. ಪ್ರೋರೆಸ್ 422 ಎಚ್‌ಕ್ಯೂ ಆದರೆ 1080ಪಿ, 25 ಫ್ರೇಮ್‌ನ ಹತ್ತು ನಿಮಿಷಕ್ಕೆ 14 ಜಿಬಿ ಹತ್ತಿರ ಆಗುತ್ತದೆ, ಜಾಗ ನೋಡಿಕೊಳ್ಳಿ. ಇನ್ನೊಂದು ಹಂಚಲು, ಎಚ್.264ರ ಎಂಪಿ4. ಯೂಟ್ಯೂಬ್ 1080ಪಿಗೆ 24ರಿಂದ 30 ಫ್ರೇಮ್ ಇದ್ದರೆ ಸೆಕೆಂಡಿಗೆ 8 ಮೆಗಾಬಿಟ್, 48ರಿಂದ 60 ಇದ್ದರೆ 12 ಮೆಗಾಬಿಟ್ ಎಂದು ಸಲಹೆ ಕೊಡುತ್ತದೆ. ಸ್ವಲ್ಪ ಜಾಸ್ತಿ ಇಟ್ಟರೆ ನಷ್ಟವಿಲ್ಲ. ಧ್ವನಿಯ ಮಟ್ಟ ಯೂಟ್ಯೂಬ್‌ಗೆ ಮೈನಸ್ 14 ಎಲ್‌ಯುಎಫ್‌ಎಸ್ (ಧ್ವನಿ ಎಷ್ಟು ಜೋರು ಎಂದು ಅಳೆಯುವ ಮಾನ) ಸುತ್ತಮುತ್ತ ಇದ್ದರೆ ಸರಿ. ಅದಕ್ಕಿಂತ ಜೋರಾದರೆ ಅದೇ ತಗ್ಗಿಸುತ್ತದೆ.

ಸಬ್‌ಟೈಟಲ್‌ಗಳನ್ನು ಚಿತ್ರದ ಮೇಲೆ ಅಂಟಿಸುವ ಬದಲು ಎಸ್‌ಆರ್‌ಟಿ ಫೈಲ್ (ಸಾಲುಗಳು ಮತ್ತು ಅವು ಬರುವ ಸಮಯ ಇರುವ ಟೆಕ್ಸ್ಟ್ ಫೈಲ್) ಆಗಿ ಬೇರೆ ಇಡಿ. ಆಗ ಇನ್ನೊಂದು ಭಾಷೆಗೂ ಸುಲಭ. ಚಿತ್ರೋತ್ಸವಕ್ಕೆ ಕಳಿಸುವ ಯೋಚನೆ ಇದ್ದರೆ ಸಾರ್ವಜನಿಕವಾಗಿ ಅಪ್‌ಲೋಡ್ ಮಾಡುವ ಮೊದಲು ಅವರ ನಿಯಮ ಓದಿ. ಕೆಲವು ಉತ್ಸವಗಳು ಮೊದಲ ಪ್ರದರ್ಶನ ತಮ್ಮಲ್ಲೇ ಆಗಬೇಕು ಎನ್ನುತ್ತವೆ. ಚಿತ್ರ ಮುಗಿಸಿದ ವರ್ಷವನ್ನೂ ನೋಡುತ್ತವೆ. ನಿಮ್ಮದು ಮುಗಿದದ್ದು ಈಗ, ಶೂಟ್ ಆದ ವರ್ಷ ಹಾಕಿ ಅವಕಾಶ ಕಳೆದುಕೊಳ್ಳಬೇಡಿ.

ಮುಗಿಸದೇ ಇರುವವುಗಳನ್ನು ಏನು ಮಾಡುವುದು?

ಪಟ್ಟಿಯಲ್ಲಿ ಉಳಿದ ಎಲ್ಲವೂ ಮುಗಿಯಲೇಬೇಕು ಎಂದೇನಿಲ್ಲ. ಮಾತೇ ಕೇಳಿಸದ್ದು, ನಟಿಸಿದವರು ಬೇಡ ಎಂದದ್ದು, ನಿಮಗೇ ಈಗ ಒಪ್ಪದ ಕಥೆ, ಇವನ್ನು ಮುಚ್ಚಿಬಿಡಿ. ಸುಮ್ಮನೆ ಬಿಡುವುದು ಬೇರೆ, ಮುಚ್ಚುವುದು ಬೇರೆ. ಮುಚ್ಚುವುದೆಂದರೆ ಅದರಲ್ಲಿ ಚೆನ್ನಾಗಿರುವ ಒಂದೇ ಒಂದು ಸೀನನ್ನು ಪೂರ್ತಿ ಮಾಡಿ, ಅಭ್ಯಾಸದ ತುಣುಕು ಎಂದು ಹೆಸರಿಟ್ಟು ಎಕ್ಸ್‌ಪೋರ್ಟ್ ಮಾಡುವುದು. ನಿಮ್ಮ ಕೆಲಸದ ಮಾದರಿಗಳನ್ನು ತೋರಿಸುವ ಶೋರೀಲ್‌ಗೆ ಅದು ಸಾಕು. ನಟಿಸಿದ ಗೆಳೆಯರಿಗೂ ಕೊಡಲು ಏನೋ ಇರುತ್ತದೆ. ಮೋಡ, ರಸ್ತೆ, ಮಳೆಯಂಥ ಶಾಟ್‌ಗಳನ್ನು ಬೇರೆ ಫೋಲ್ಡರ್‌ಗೆ ಹಾಕಿಕೊಳ್ಳಿ, ಮುಂದಿನ ಚಿತ್ರಗಳಿಗೆ ಬೇಕಾಗುತ್ತವೆ.

ನಂತರ ಪ್ರಾಕ್ಸಿಗಳನ್ನು, ಸಾಫ್ಟ್‌ವೇರ್ ತಾತ್ಕಾಲಿಕವಾಗಿ ಮಾಡಿಕೊಂಡ ಕ್ಯಾಶ್ ಫೈಲ್‌ಗಳನ್ನು ಅಳಿಸಿ. ಮೂಲ ಫುಟೇಜ್, ಬೇರೆಯಾಗಿ ರೆಕಾರ್ಡ್ ಮಾಡಿದ ಧ್ವನಿ, ಎಕ್ಸ್‌ಪೋರ್ಟ್ ಮಾಡಿದ ಪ್ರಾಜೆಕ್ಟ್ ಫೈಲ್, ಮಾಸ್ಟರ್, ಒಪ್ಪಿಗೆ ಪತ್ರಗಳು, ಇಷ್ಟನ್ನೂ ಒಂದೇ ಫೋಲ್ಡರ್‌ನಲ್ಲಿ ಇಟ್ಟು ಎರಡು ಡಿಸ್ಕ್‌ಗೆ ಹಾಕಿ. ಜೊತೆಗೆ ಒಂದು ಟೆಕ್ಸ್ಟ್ ಫೈಲ್ ಇರಲಿ: ಯಾವ ಸಾಫ್ಟ್‌ವೇರ್, ಯಾವ ಆವೃತ್ತಿ, ಯಾವ ಫಾಂಟ್, ಸಂಗೀತ ಎಲ್ಲಿಂದ ತಂದದ್ದು, ಯಾರು ಏನು ಮಾಡಿದರು. ಫೋಲ್ಡರ್‌ನ ಹೆಸರಿನಲ್ಲಿ ಚಿತ್ರದ ಹೆಸರು ಮತ್ತು ವರ್ಷ ಬರೆಯಿರಿ. ‘ಫೈನಲ್’ ಎಂಬ ಪದ ಬೇಡ.